ಪರವಾನಗಿಯ ಜೊತೆಗೆ ಹೋಲ್‌ಸ್ಟರ್ ಕೂಡ ಪರಿಶೀಲನೆಯಾಗಲಿ

ಮಾನ್ಯ ಸಂಪಾದಕರೇ,

ಪಿಸ್ತೂಲು ಅಥವಾ ರಿವಾಲ್ವರ್‌ನಿಂದ ಆಕಸ್ಮಿಕವಾಗಿ ಗುಂಡು ಹಾರಿ ಯಾರಾದರೂ ಗಾಯಗೊಂಡಾಗ, ಆಯುಧಕ್ಕೆ ಪರವಾನಗಿ ಇತ್ತೇ, ಅದರ ಅವಧಿ ಮುಗಿದಿತ್ತೇ, ಒಳಗೆ ಎಷ್ಟು ಗುಂಡುಗಳಿದ್ದವು ಎಂಬ ವಿವರಗಳೆಲ್ಲ ಸುದ್ದಿಯಲ್ಲಿ ಬರುತ್ತವೆ. ಆ ಆಯುಧವನ್ನು ಯಾವುದರಲ್ಲಿ ಇಟ್ಟುಕೊಂಡಿದ್ದರು, ಅದನ್ನು ಮೈಗೆ ಕಟ್ಟಿಕೊಳ್ಳುವ ಒರೆ, ಅಂದರೆ ಹೋಲ್‌ಸ್ಟರ್, ಹೇಗಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಪೊಲೀಸ್ ಇಲಾಖೆಯ ಶಸ್ತ್ರಾಗಾರದಲ್ಲಿ ಬಹುಕಾಲ ಕೆಲಸ ಮಾಡಿ ಮೈಸೂರಿನಲ್ಲಿ ನಿವೃತ್ತ ಜೀವನ ನಡೆಸುತ್ತಿರುವ ನನಗೆ, ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎನಿಸುತ್ತದೆ.

ಸುಸ್ಥಿತಿಯಲ್ಲಿರುವ ಪಿಸ್ತೂಲು ತಾನಾಗಿಯೇ ಸಿಡಿಯುವುದು ಬಹಳ ಅಪರೂಪ. ಹೆಚ್ಚಿನ ಪ್ರಕರಣಗಳಲ್ಲಿ ಏನೋ ಒಂದು ಟ್ರಿಗರ್ ಅನ್ನು ಒತ್ತಿರುತ್ತದೆ. ಅದು ಬೆರಳಾಗಿರಬಹುದು, ಅಂಗಿಯ ಚುಂಗಾಗಿರಬಹುದು, ಜರ್ಕಿನ್ನಿನ ದಾರವಾಗಿರಬಹುದು, ಜೇಬಿನಲ್ಲಿದ್ದ ಬೀಗದ ಕೈಯಾಗಿರಬಹುದು. ದೇಶದ ಹಲವು ಪೊಲೀಸ್ ಪಡೆಗಳಲ್ಲಿ ಬಳಕೆಯಲ್ಲಿರುವ ಗ್ಲಾಕ್ ಪಿಸ್ತೂಲನ್ನೇ ನೋಡಿ. ಕೆಳಗೆ ಬಿದ್ದರೂ ಗುಂಡು ಹಾರದಂತೆ ಅದರೊಳಗೆ ಮೂರು ಸುರಕ್ಷತಾ ಏರ್ಪಾಡುಗಳಿವೆ. ಆದರೆ ಹೆಬ್ಬೆರಳಿನಿಂದ ಹಾಕಿ ತೆಗೆಯುವ ಸೇಫ್ಟಿ ಅದರಲ್ಲಿಲ್ಲ. ಟ್ರಿಗರ್ ಮೇಲೆ ಸುಮಾರು ಎರಡೂವರೆ ಕಿಲೊ ಒತ್ತಡ ಬಿದ್ದರೆ, ಒತ್ತಿದ್ದು ಬೆರಳೇ ಆಗಲಿ ಬಟ್ಟೆಯ ಮಡಿಕೆಯೇ ಆಗಲಿ, ಗುಂಡು ಹಾರುತ್ತದೆ. ಇಂಥ ಆಯುಧಕ್ಕೆ ಟ್ರಿಗರ್ ಅನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಕೇವಲ ಹೊತ್ತೊಯ್ಯುವ ಚೀಲವಲ್ಲ, ಅದು ಸುರಕ್ಷತಾ ವ್ಯವಸ್ಥೆಯದೇ ಒಂದು ಭಾಗ.

ಹಳೆಯ ಚರ್ಮದ ಹೋಲ್‌ಸ್ಟರ್‌ನಲ್ಲಿ ಅಪಾಯ ಎಲ್ಲಿ ಅಡಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೆವರಿನಿಂದ, ಮಳೆಯಿಂದ ಮತ್ತು ವರ್ಷಗಟ್ಟಲೆಯ ಬಳಕೆಯಿಂದ ಚರ್ಮ ಮೆತ್ತಗಾಗುತ್ತದೆ. ಪಿಸ್ತೂಲನ್ನು ಹೊರತೆಗೆದ ಕೂಡಲೇ ಅದರ ಬಾಯಿ ಒಳಕ್ಕೆ ಕುಸಿಯುತ್ತದೆ. ಮತ್ತೆ ಪಿಸ್ತೂಲನ್ನು ತಳ್ಳುವಾಗ ಆ ಕುಸಿದ ಅಂಚು ಟ್ರಿಗರ್ ಸುತ್ತಲಿನ ಬಳೆಯಾದ ಟ್ರಿಗರ್ ಗಾರ್ಡ್‌ನೊಳಗೆ ಸೇರಿಕೊಳ್ಳುತ್ತದೆ, ಪಿಸ್ತೂಲು ಕೆಳಗಿಳಿದಂತೆಲ್ಲ ಟ್ರಿಗರ್ ಹಿಂದಕ್ಕೆ ಸರಿಯುತ್ತದೆ. ಬೆರಳು ಹೊರಗಿದ್ದರೂ ಗುಂಡು ಹಾರಿ ತೊಡೆಗೋ ಪಾದಕ್ಕೋ ಹೊಕ್ಕಿರುತ್ತದೆ. ಶಸ್ತ್ರಾಗಾರದಲ್ಲಿ ನಾವು ಮಾಡುತ್ತಿದ್ದ ಪರೀಕ್ಷೆ ಸರಳವಾಗಿತ್ತು. ಖಾಲಿ ಹೋಲ್‌ಸ್ಟರ್‌ನ ಬಾಯಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ಬಿಡುತ್ತಿದ್ದೆವು. ತಕ್ಷಣ ಮೊದಲಿನಂತೆ ತೆರೆದುಕೊಂಡರೆ ಅದು ಬಳಕೆಗೆ ಯೋಗ್ಯ, ಇಲ್ಲದಿದ್ದರೆ ಬದಲಿಸಲೇಬೇಕು. ಆನಂತರ ಗುಂಡಿಲ್ಲದ ಪಿಸ್ತೂಲನ್ನು ಅದರಲ್ಲಿಟ್ಟು ತಲೆಕೆಳಗು ಮಾಡಿ ಅಲ್ಲಾಡಿಸಿದಾಗ ಜಾರಿ ಬೀಳಬಾರದು. ಎಲ್ಲ ಪಿಸ್ತೂಲಿಗೂ ಹೊಂದುತ್ತದೆ ಎಂದು ಹೇಳಿ ಮಾರುವ ಅಗ್ಗದ ಬಟ್ಟೆಯ ಹೋಲ್‌ಸ್ಟರ್‌ಗಳು ಈ ಎರಡು ಪರೀಕ್ಷೆಗಳಲ್ಲಿ ಉತ್ತೀರ್ಣವಾಗುವುದು ಕಷ್ಟ.

ರಿವಾಲ್ವರ್‌ನ ವಿಚಾರ ಸ್ವಲ್ಪ ಬೇರೆ. 2024ರ ಅಕ್ಟೋಬರ್ 1ರಂದು ಹಿಂದಿ ಚಿತ್ರನಟ ಗೋವಿಂದ ಅವರು ಮುಂಬೈನ ತಮ್ಮ ಮನೆಯಲ್ಲಿ ರಿವಾಲ್ವರ್ ಎತ್ತಿಡುವಾಗ ಅದು ಕೈಜಾರಿ ಬಿದ್ದು, ಗುಂಡು ಹಾರಿ ಅವರ ಕಾಲಿಗೆ ಗಾಯವಾದದ್ದು ಓದುಗರಿಗೆ ನೆನಪಿರಬಹುದು. ಹಳೆಯ ಮಾದರಿಯ ಅಥವಾ ಒಳಭಾಗ ಸವೆದ ರಿವಾಲ್ವರ್ ಬಿದ್ದು, ಗುಂಡನ್ನು ಹಿಂಬದಿಯಿಂದ ಬಡಿದು ಸಿಡಿಸುವ ಹ್ಯಾಮರ್‌ಗೆ ಪೆಟ್ಟಾದರೆ ಟ್ರಿಗರ್ ಮುಟ್ಟದೆಯೂ ಗುಂಡು ಹಾರಬಹುದು. ಆದ್ದರಿಂದಲೇ ಅಂಥವುಗಳಲ್ಲಿ ಹ್ಯಾಮರ್‌ನ ಕೆಳಗಿನ ಗುಂಡಿನ ಮನೆಯನ್ನು ಖಾಲಿ ಬಿಡುವ ರೂಢಿ ಇದೆ. ಹ್ಯಾಮರ್‌ನ ಮೇಲೆ ಪಟ್ಟಿ ಹಾದು ಗುಂಡಿ ಬೀಳುವ ಹೋಲ್‌ಸ್ಟರ್ ಇದ್ದರೆ ಆಯುಧ ಜಾರಿ ಬೀಳುವ ಸಂಭವವೇ ಕಡಿಮೆಯಾಗುತ್ತದೆ.

ನಮ್ಮ ಕಡೆಯ ಸಮಾರಂಭಗಳಲ್ಲಿ ಕಾಣುವುದೇ ಬೇರೆ. ಮಂಡ್ಯದ ಬಳಿ ಒಂದು ಬೀಗರೂಟದಲ್ಲಿ ನನ್ನ ಎದುರಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ನೀರಿನ ಲೋಟಕ್ಕೆ ಬಗ್ಗಿದಾಗ, ಪ್ಯಾಂಟಿನ ಸೊಂಟಕ್ಕೆ ಹಾಗೆಯೇ ಸಿಕ್ಕಿಸಿಕೊಂಡಿದ್ದ ಪಿಸ್ತೂಲು ಜಾರಿತು. ಅವರು ಗಾಬರಿಯಿಂದ ಅದನ್ನು ಹಿಡಿಯಲು ಎರಡೂ ಕೈ ಹಾಕಿದರು. ಪಕ್ಕದಲ್ಲೇ ಐದಾರು ವರ್ಷದ ಹುಡುಗಿಯೊಬ್ಬಳು ಊಟಕ್ಕೆ ಕುಳಿತಿದ್ದಳು. ಬೀಳುತ್ತಿರುವ ಆಯುಧವನ್ನು ಹಿಡಿಯಲು ಹೋಗಬಾರದು, ತಡಕಾಡುವ ಬೆರಳು ಟ್ರಿಗರ್‌ಗೇ ತಾಗುತ್ತದೆ ಎಂಬ ತಿಳಿವಳಿಕೆ ಕೂಡ ಅವರಿಗಿರಲಿಲ್ಲ. ಅನಾಹುತವೇನೂ ಆಗಲಿಲ್ಲ, ನಿಜ. ಆದರೆ ಪರವಾನಗಿ ಪಡೆದ, ಸಭ್ಯರಾದ, ಯಾರಿಗೂ ಕೇಡು ಬಯಸದ ವ್ಯಕ್ತಿಯೊಬ್ಬರು ಮಗುವಿನ ಪ್ರಾಣವನ್ನು ಅಷ್ಟು ಹತ್ತಿರದಿಂದ ಅಪಾಯಕ್ಕೆ ಒಡ್ಡಿದ್ದನ್ನು ಕಂಡು ನನಗೆ ಬಹಳ ಸಂಕಟವಾಯಿತು.

ಕಾನೂನಿನಲ್ಲಿ ಕೊರತೆಯಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮದ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು (ಪಿಸ್ತೂಲು ಅಥವಾ ರಿವಾಲ್ವರ್) ಒಯ್ಯುವವರು ಅದಕ್ಕೆಂದೇ ತಯಾರಾದ ಹೋಲ್‌ಸ್ಟರ್‌ನಲ್ಲಿ ಮೈಗೆ ಕಟ್ಟಿಕೊಂಡು, ಇಲ್ಲವೇ ಸೂಕ್ತ ಚೀಲದಲ್ಲಿ ಒಯ್ಯಬೇಕು. ಆಯುಧ ಪೂರ್ತಿ ಮುಚ್ಚಿರಬೇಕು ಮತ್ತು ಅದು ಅವರ ಹಿಡಿತದಲ್ಲಿರಬೇಕು. ಸುರಕ್ಷಿತವಾಗಿ ಒಯ್ಯುವ ಕ್ರಮವನ್ನೂ ಒಳಗೊಂಡ ತರಬೇತಿಯ ಬಗ್ಗೆಯೂ ಅದೇ ನಿಯಮಾವಳಿಯಲ್ಲಿ ಹೇಳಿದೆ. ಆದರೆ ಪರವಾನಗಿ ನವೀಕರಣಕ್ಕೆ ಹೋದಾಗ ಆಯುಧದ ಸಂಖ್ಯೆ ಮತ್ತು ಕಾಗದಪತ್ರಗಳನ್ನು ತಾಳೆ ನೋಡುವುದರಲ್ಲೇ ಕೆಲಸ ಮುಗಿದುಹೋಗುತ್ತದೆ.

ಹಾಗಾಗಿ ನಗರದಲ್ಲಿ ಪೊಲೀಸ್ ಆಯುಕ್ತರಲ್ಲಿಯೂ ಮೈಸೂರು, ಮಂಡ್ಯ ಜಿಲ್ಲಾಧಿಕಾರಿಗಳಲ್ಲಿಯೂ ನನ್ನ ವಿನಂತಿ ಇಷ್ಟು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷವಾಗಿರುವುದರಿಂದ, ನವೀಕರಣದ ಹೊತ್ತಿಗೆ ಹೋಲ್‌ಸ್ಟರ್ ಅನ್ನೂ ಕಡ್ಡಾಯವಾಗಿ ತರಿಸಿ, ಮೇಲೆ ಹೇಳಿದ ಎರಡು ಪರೀಕ್ಷೆಗಳನ್ನು ಶಸ್ತ್ರಾಗಾರದ ಸಿಬ್ಬಂದಿಯಿಂದ ಮಾಡಿಸಬೇಕು. ಚುನಾವಣೆಯ ಸಮಯದಲ್ಲಿ ಜನರು ಆಯುಧಗಳನ್ನು ಠಾಣೆಗೆ ಒಪ್ಪಿಸಲು ಬರುವಾಗಲೂ ಇದನ್ನು ಮಾಡಬಹುದು. ಅಲ್ಲಿ ಗುಂಡು ತೆಗೆಯುವಾಗ ನಳಿಕೆಯನ್ನು ತಿರುಗಿಸಿ ಹಿಡಿಯಲು ಮರಳು ತುಂಬಿದ ಒಂದು ಡ್ರಮ್ ಇಡುವುದಕ್ಕೆ ಹೆಚ್ಚಿನ ಖರ್ಚೇನೂ ಬೇಕಿಲ್ಲ. ಆಯುಧಪೂಜೆಗೆಂದು ಮನೆಗಳಲ್ಲಿ ಪಿಸ್ತೂಲು, ಬಂದೂಕುಗಳನ್ನು ಹೊರತೆಗೆದು ಕುಂಕುಮ ಹಚ್ಚುವವರು ಮೊದಲು ಗುಂಡುಗಳಿರುವ ಮ್ಯಾಗಜೀನ್ ತೆಗೆದು, ನಳಿಕೆಯ ಹಿಂಬದಿಯಲ್ಲಿ ಗುಂಡು ಕೂರುವ ಚೇಂಬರ್ ಖಾಲಿಯಿದೆಯೇ ಎಂದು ಕಣ್ಣಾರೆ ನೋಡಬೇಕು ಎಂಬುದನ್ನು ಹಬ್ಬಕ್ಕೆ ಮುನ್ನ ಇಲಾಖೆಯೇ ಪ್ರಕಟಿಸಿದರೆ ಒಳ್ಳೆಯದು.

ಗಣ್ಯರ ಅಂಗರಕ್ಷಕರ ಬಗ್ಗೆ ಇನ್ನೂ ಹೆಚ್ಚಿನ ಕಾಳಜಿ ಬೇಕು. ಸಫಾರಿ ಸೂಟಿನೊಳಗೆ ಪಿಸ್ತೂಲು ಕಟ್ಟಿಕೊಂಡು ದಿನವಿಡೀ ಕಾರು ಹತ್ತಿ ಇಳಿಯುವ ಇವರಿಗೆ ಗಟ್ಟಿ ಬಾಯಿಯ ಹೊಸ ಹೋಲ್‌ಸ್ಟರ್‌ಗಳನ್ನು ಇಲಾಖೆಯೇ ಕೊಡಬೇಕು ಮತ್ತು ಗುರಿ ತಾಲೀಮಿನ ಜೊತೆಗೆ ಪಿಸ್ತೂಲನ್ನು ಮರಳಿ ಒಳಗಿಡುವ ತಾಲೀಮನ್ನೂ ಮಾಡಿಸಬೇಕು. ಹೊರತೆಗೆಯಲು ಅವಸರವಿರಬಹುದು, ಒಳಗಿಡಲು ಯಾವ ಅವಸರವೂ ಇರುವುದಿಲ್ಲ. ಬೆರಳನ್ನು ಟ್ರಿಗರ್‌ನಿಂದ ದೂರ ನೇರವಾಗಿ ಚಾಚಿ, ಬಟ್ಟೆಯನ್ನು ಎಡಗೈಯಿಂದ ಸರಿಸಿ, ಹೋಲ್‌ಸ್ಟರ್‌ನ ಬಾಯಿಯನ್ನು ನೋಡಿಕೊಂಡೇ ನಿಧಾನವಾಗಿ ಇಳಿಸುವುದನ್ನು ಪ್ರತಿ ತಾಲೀಮಿನಲ್ಲೂ ಖಾಲಿ ಪಿಸ್ತೂಲಿನಿಂದ ಅಭ್ಯಾಸ ಮಾಡಿಸಲಿ.

ಇಂತಿ,
ನಿವೃತ್ತ ಶಸ್ತ್ರಾಗಾರ ಸಿಬ್ಬಂದಿ,
ಮೈಸೂರು