ಯುಪಿಐಗೆ ಬಂದದ್ದೆಲ್ಲ ವಹಿವಾಟಲ್ಲ

ಮಾನ್ಯ ಸಂಪಾದಕರೇ,

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದಾಗ, ನಮ್ಮ ಬೀದಿಯ ಹಾಲು–ತರಕಾರಿ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತುಹಾಕಿ, ರಟ್ಟಿನ ಮೇಲೆ ‘ನಗದು ಮಾತ್ರ’ ಎಂದು ಬರೆದು ತೂಗುಹಾಕಿದ್ದರು. ಸರಕಿನ ವಾರ್ಷಿಕ ವಹಿವಾಟು 40 ಲಕ್ಷ, ಸೇವೆಯದ್ದು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ಸರಿಯೇ. ಆದರೆ ಹಾಲಿಗೂ ತಾಜಾ ತರಕಾರಿಗೂ ತೆರಿಗೆಯೇ ಇಲ್ಲ, ಖಾತೆಗೆ ಬಂದ ಹಣದಲ್ಲಿ ಅಣ್ಣನಿಂದ ಪಡೆದ ಕೈಗಡವೂ, ಮಗಳ ಫೀಸಿಗೆಂದು ಊರಿನಿಂದ ಬಂದದ್ದೂ ಸೇರಿರುತ್ತದೆ. ಇಲಾಖೆಯು ನೋಟಿಸ್ ಕಳಿಸುವ ಮೊದಲು ಸಿಬ್ಬಂದಿಯನ್ನು ಅಂಗಡಿಗಳಿಗೇ ಕಳಿಸಿ, ಸಣ್ಣ ವ್ಯಾಪಾರಿಗಳು ವಹಿವಾಟಿನ ಶೇ 1ರಷ್ಟನ್ನಷ್ಟೇ ತೆರಿಗೆಯಾಗಿ ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯನ್ನು ಕನ್ನಡದಲ್ಲಿ ತಿಳಿಸಿಕೊಡಲಿ.

— ಒಬ್ಬ ಗ್ರಾಹಕ, ಬೆಂಗಳೂರು