ಓಲೆ ಕಡ್ಡಿ ಯಾವ ಲೋಹದ್ದು ಅಂತಾನೂ ಬರೀರಿ

ಸಂಪಾದಕರೇ,

ಹೆಸರು ಬರೆದ ಪೆಂಡೆಂಟು, ಇನಿಷಿಯಲ್ ಬ್ರೇಸ್‌ಲೆಟ್ಟು, ರೆಸಿನ್ ಒಳಗೆ ಹೂವಿನ ಎಸಳಿಟ್ಟ ಓಲೆ, ಇವನ್ನ ಮನೇಲೇ ಮಾಡಿ ಇನ್‌ಸ್ಟಾಗ್ರಾಮಲ್ಲಿ ಮಾರೋರು ಈಗ ಊರೂರಲ್ಲೂ ಇದಾರೆ, ನಾನೂ ಅದೇ ಕೆಲ್ಸ ಮಾಡ್ತೀನಿ. ತಗೊಳ್ಳೋರು ಬಹುಪಾಲು ಹೈಸ್ಕೂಲು, ಪಿಯುಸಿ ಹುಡುಗೀರು. ಮಣಿ ಯಾವ ಬಣ್ಣ, ಅಕ್ಷರ ಎಷ್ಟು ದೊಡ್ಡದು, ಚೈನು ಎಷ್ಟು ಉದ್ದ ಅಂತ ಪಾಪ ಎಲ್ಲಾ ಕೇಳ್ತಾರೆ, ಆದ್ರೆ ಒಳಗಿರೋ ಲೋಹ ಯಾವುದು ಅಂತ ಕೇಳೋರೇ ಕಮ್ಮಿ, ಮಾರೋರೂ 'ಆಂಟಿ ಟಾರ್ನಿಷ್' (ಬಣ್ಣ ಮಾಸಲ್ಲ), 'ಪ್ರೀಮಿಯಂ' ಅಂತ ಹಾಕಿ ಸುಮ್ನಾಗ್ತಾರೆ.

ಇದನ್ನ ಯಾಕೆ ಬರೀತಿದೀನಿ ಅಂದ್ರೆ ನಿಕ್ಕಲ್ ವಿಷ್ಯಕ್ಕೆ, ಅಗ್ಗದ ಒಡವೆಯ ಲೋಹದಲ್ಲಿ ಎಷ್ಟೋ ಸಲ ಬೆರೆತಿರೋ ಇನ್ನೊಂದು ಲೋಹ ಅದು. ಅಗ್ಗದ ಒಡವೇಲಿ ಮೇಲಿನ ಚಿನ್ನದ ಬಣ್ಣ ಸವೆದ ಮೇಲೆ ಒಳಗಿನ ಲೋಹ ಚರ್ಮಕ್ಕೆ ತಾಗುತ್ತೆ, ಬೆವರು ಸೇರಿದ್ರಂತೂ ನಿಕ್ಕಲ್ ಬಿಡೋದು ಜಾಸ್ತಿ, ಕಿವಿ ಕೆಂಪಗಾಗಿ ತುರಿಕೆ, ನೀರು ಸುರಿಯೋದು ಶುರುವಾಗುತ್ತೆ. ಹೊಸದಾಗಿ ಚುಚ್ಚಿಸಿದ ಕಿವಿಗೆ ಇದು ಇನ್ನೂ ಕೆಟ್ಟದ್ದು. ಒಂದ್ಸಲ ಈ ಅಲರ್ಜಿ ಬಂತು ಅಂದ್ರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತೆ, ಆಮೇಲೆ ಜೀನ್ಸ್ ಗುಂಡಿ, ವಾಚಿನ ಹಿಂಭಾಗ ತಾಗಿದ್ರೂ ತುರಿಕೆ ಬರ್ಬಹುದು. ಹದಿನಾಲ್ಕು ವರ್ಷದ ಹುಡುಗಿಗೆ ನೂರೈವತ್ತು ರೂಪಾಯಿ ಓಲೆಯಿಂದ ಇದು ಬರೋದು ಅನ್ಯಾಯ ಅಲ್ವಾ? ಕಾಲೇಜು ಫಂಕ್ಷನ್ನಿಗೆಲ್ಲ ಹಾಕೋ ಜರ್ಮನ್ ಸಿಲ್ವರ್ ಜುಮಕೀನೇ ನೋಡಿ, ಅದ್ರಲ್ಲಿ ಬೆಳ್ಳಿ ಇರಲ್ಲ, ತಾಮ್ರ, ಸತು, ನಿಕ್ಕಲ್ ಸೇರಿದ ಮಿಶ್ರಲೋಹ ಅದು, ಎಷ್ಟು ಮನೇಲಿ ಇದು ಗೊತ್ತಿದೆ?

ಯುರೋಪಿಯನ್ ಯೂನಿಯನ್ 1994ರಲ್ಲೇ ಇದಕ್ಕೆ ಕಾನೂನು ತಂತು. ಈಗ ಅಲ್ಲಿ ಚುಚ್ಚಿದ ಜಾಗಕ್ಕೆ ಹೋಗೋ ಕಡ್ಡಿ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಮ್‌ಗಿಂತ ಜಾಸ್ತಿ ನಿಕ್ಕಲ್ ಬಿಡಂಗಿಲ್ಲ. ನಮ್ಮಂಥ ಸಣ್ಣೋರು ಲ್ಯಾಬಿಗೆ ಹೋಗೋಕಾಗಲ್ಲ ನಿಜ, ಆದ್ರೆ ಡೈಮೀಥೈಲ್ ಗ್ಲೈಆಕ್ಸೈಮ್ ಅನ್ನೋ ರಾಸಾಯನಿಕದ ಟೆಸ್ಟ್ ಕಿಟ್ ಸಿಗುತ್ತೆ, ಹತ್ತೀಲಿ ಹನಿ ಹಾಕಿ ಲೋಹಕ್ಕೆ ಉಜ್ಜಿ ನೋಡಿದ್ರೆ ಆಯ್ತು, ಗುಲಾಬಿ ಬಣ್ಣ ಬಂದ್ರೆ ನಿಕ್ಕಲ್ ಬಿಡ್ತಿದೆ ಅಂತ ಅರ್ಥ. ಬೆಂಗಳೂರಿನ ಮಾಮೂಲ್‌ಪೇಟೆಯಿಂದ ಕೆಜಿ ಲೆಕ್ಕದಲ್ಲಿ ಹುಕ್ಕು, ಕಡ್ಡಿ ತರೋರು ಇಷ್ಟು ಮಾಡೋದು ಕಷ್ಟ ಏನಲ್ಲ.

ಇನ್ನೊಂದು, 'ಕಸ್ಟಮೈಸ್ಡ್ ಐಟಂ, ನೋ ರಿಟರ್ನ್' ಅನ್ನೋದು. ಹುಡುಗಿ ಮನಸ್ಸು ಬದಲಾಯಿಸಿದ್ರೆ ವಾಪಸ್ ತಗೊಳಲ್ಲ ಅನ್ನೋದು ಸರಿ, ಅವಳ ಹೆಸರಿರೋ ಪೆಂಡೆಂಟನ್ನ ಇನ್ಯಾರಿಗೆ ಮಾರೋದು. ಆದ್ರೆ ಸ್ಟೇನ್‌ಲೆಸ್ ಸ್ಟೀಲ್ ಅಂತ ಹೇಳಿ ಬೇರೇನೋ ಕಳ್ಸಿದ್ರೆ? 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಜಾಹೀರಾತಲ್ಲಿ ಹೇಳಿದಂಗಿಲ್ಲದ ವಸ್ತುನ ವಾಪಸ್ ತಗೊಳಲ್ಲ ಅನ್ನಂಗಿಲ್ಲ. ಸ್ಪಂದಿಸ್ಲಿಲ್ಲ ಅಂದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ಬಹುದು, ದುಡ್ಡು ಸಣ್ಣದು ಅಂತ ಬಿಡ್ಬೇಡಿ.

ಆನ್‌ಲೈನ್ ಕಂಪನಿಗಳು ಬಣ್ಣ, ಸೈಜು ತುಂಬದೆ ಲಿಸ್ಟಿಂಗ್ ಬಿಡಲ್ಲ, ಹಂಗೇ ಚರ್ಮಕ್ಕೆ ತಾಗೋ ಲೋಹದ ಕಾಲಮ್ಮನ್ನೂ ಕಡ್ಡಾಯ ಮಾಡ್ಲಿ. ಅಲ್ಲೀತನಕ ಅಪ್ಪ ಅಮ್ಮಂದಿರು ದುಡ್ಡು ಹಾಕೋ ಮುಂಚೆ ಓಲೆ ಕಡ್ಡಿ ಯಾವುದ್ರದ್ದು ಅಂತ ಒಂದು ಮೆಸೇಜ್ ಹಾಕಿ, ಮಾರೋರಿಂದ ಉತ್ತರ ಬರ್ಲಿಲ್ಲ ಅಂದ್ರೆ ತಗೋಬೇಡಿ.

- ಓರ್ವ ಓದುಗಿ, ದಾವಣಗೆರೆ