ಭಾನುವಾರ ಕೇಪೆ, ಚಾಂದೋರಿಗೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಈ ಸಲ ಗೋವಾದ ಈ ಎರಡು ಊರುಗಳ ಹಳೇ ಮನೆಗಳನ್ನು ನೋಡಲು ಹೋಗುತ್ತಿದ್ದೇವೆ. ಭಾನುವಾರ ಬೆಳಿಗ್ಗೆ 8:30ಕ್ಕೆ ಮಡಗಾಂವ್ ಕದಂಬ ಬಸ್ ಸ್ಟ್ಯಾಂಡ್ ಹತ್ತಿರ ಸೇರೋಣ. ತಿಂಡಿ ಮುಗಿಸಿಕೊಂಡೇ ಬನ್ನಿ.

ಮೊದಲು ಕೇಪೆ. ಕುಶಾವತಿ ನದಿಯ ದಡದಲ್ಲಿ, ಚರ್ಚಿನ ಎದುರಿಗೇ ಇದೆ 'ಪಲಾಸಿಯೊ ದೊ ದೆಯಾಂವ್'. 1787ರಲ್ಲಿ ಕಟ್ಟಿಸಿದ ಮನೆ. ಈ ಊರನ್ನು ಬೆಳೆಸಿದ ಪಾದ್ರಿಯೇ ಇದನ್ನೂ ಕಟ್ಟಿಸಿದ್ದು. ಗೋವಾದ ಹಳೇ ಮನೆಗಳಲ್ಲಿ ಕಿಟಕಿಗೆ ಗಾಜಿನ ಬದಲು ಸಮುದ್ರದ ಚಿಪ್ಪು ಕೂರಿಸುತ್ತಿದ್ದರು. ಉಗುರಿನ ಹಾಗೆ ತೆಳು. ಬಿಸಿಲು ಅದರೊಳಗಿಂದ ಹಾಲಿನ ಹಾಗೆ ಇಳಿಯುತ್ತದೆ. ಎಲ್ಲಿ ಕಂಡರೂ ಒಂದು ನಿಮಿಷ ನಿಂತು ನೋಡಿ.

ಆಮೇಲೆ ಚಾಂದೋರ್, ಬ್ರಗಾಂಜಾ ಮನೆ. ಒಂದೇ ಮನೆ, ಎರಡು ಭಾಗ, ಎರಡು ಕುಟುಂಬ. ಈ ಊರೇ ಹಿಂದಿನ ಚಂದ್ರಪುರ, ಗೋವಾ ಕದಂಬರ ಮೊದಲಿನ ರಾಜಧಾನಿ. ನಾವು ಕನ್ನಡದವರು ನೋಡಲೇಬೇಕಾದ ಜಾಗ ಅಲ್ವಾ?

ಒಂದು ಮಾತು. ಹೋದ ಸಲ ಬೇರೊಂದು ಮನೆಯಲ್ಲಿ ನಮ್ಮವರೊಬ್ಬರು ಸುಮ್ನೆ ಕೂತಿದ್ದಕ್ಕೆ ಕುರ್ಚಿಯ ಹಳೇ ಬೆತ್ತ ಹರಿದುಹೋಯಿತು. ಮನೆಯವರು ಏನೂ ಅನ್ನಲಿಲ್ಲ, ನನಗೆ ಮಾತ್ರ ತುಂಬಾ ಬೇಜಾರಾಯಿತು. ದಯವಿಟ್ಟು ಏನನ್ನೂ ಮುಟ್ಟಬೇಡಿ. ಕೇಳಿಯೇ ಫೋಟೊ ತೆಗೆಯಿರಿ. ರಿಪೇರಿ ಖರ್ಚಿಗೆ ಮನೆಯವರ ಕೈಗೆ ಧಾರಾಳವಾಗಿ ಕೊಡಿ, ಚೌಕಾಸಿ ಬೇಡ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.